ಗರ್ಭಸ್ರಾವದ ಅಂಗಾಂಶ ಮತ್ತು ವರ್ಣತಂತು ಪರೀಕ್ಷೆ: ಒಂದು ಚಾರಿತ್ರಿಕ ಸಮೀಕ್ಷೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ ಇವೇ ಎಂದು ಭಾವಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಒಂದು ಗಾಜಿನ ಸೀಸೆಯಲ್ಲಿ ಬಂದು ಪ್ರಯೋಗಶಾಲೆಯ ಮೇಜಿನ ಮೇಲೆ ಕುಳಿತ ಬೆರಳಗಲದ ಅಂಗಾಂಶವೂ ಒಂದು ಆಕರವೇ. ಅದನ್ನು ಓದಲು ಒಂದು ಲಿಪಿಜ್ಞಾನ ಬೇಕು. ಓದಿದವರ ಪೂರ್ವಗ್ರಹಗಳು ಅದರ ಅರ್ಥದೊಳಗೆ ಬೆರೆಯುತ್ತವೆ. ಅನ್ಯರ ಕೈಬರಹ ಅದರಲ್ಲಿ ನುಸುಳಿ ಪಾಠವನ್ನು ಕೆಡಿಸುವುದೂ ಉಂಟು. ಗರ್ಭಿಣಿಯ ದೇಹದಿಂದ ಅಕಾಲದಲ್ಲಿ ಹೊರಬಿದ್ದ ಅಂಗಾಂಶವನ್ನು ವಿಜ್ಞಾನಿಗಳು ಹೇಗೆ ಓದಲು ಕಲಿತರು, ಆ ಓದು ತಾಯಂದಿರ ಮೇಲಿದ್ದ ಹಳೆಯ ಆರೋಪವನ್ನು ಎಷ್ಟರಮಟ್ಟಿಗೆ ಇಳಿಸಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ವೈದ್ಯಶಾಸ್ತ್ರದ ತೀರ್ಮಾನಗಳ ಸಾಧಕಬಾಧಕಗಳನ್ನು ನಿರ್ಣಯಿಸುವುದು ನಮ್ಮ ಅಧಿಕಾರಕ್ಕೆ ಸೇರಿದ್ದಲ್ಲ. ಆ ತೀರ್ಮಾನಗಳು ಯಾವ ಆಧಾರದ ಮೇಲೆ, ಯಾವ ಕ್ರಮದಲ್ಲಿ ಬಂದವೆಂಬುದು ಮಾತ್ರ ಚರಿತ್ರೆಯ ವಿದ್ಯಾರ್ಥಿಗೆ ಸಲ್ಲುವ ವಿಷಯ.

ಗರ್ಭಹಾನಿಯ ವಿಚಾರದಲ್ಲಿ ನಮ್ಮ ಪ್ರಾಚೀನರು ಉದಾಸೀನರಾಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ನಾಲ್ಕನೆಯ ತಿಂಗಳವರೆಗಿನದನ್ನು ಸ್ರಾವವೆಂದೂ, ಶರೀರ ಗಟ್ಟಿಯಾದ ಮೇಲೆ ಐದು ಆರನೆಯ ತಿಂಗಳುಗಳಲ್ಲಿ ಆಗುವುದನ್ನು ಪಾತವೆಂದೂ ಬೇರ್ಪಡಿಸಿದೆ. ಹುಳು, ಗಾಳಿ, ಪೆಟ್ಟು ಇವುಗಳಿಂದ ಕಾಯಿ ಅಕಾಲದಲ್ಲಿ ಉದುರುವುದಕ್ಕೆ ಅಲ್ಲಿ ಗರ್ಭಚ್ಯುತಿಯನ್ನು ಹೋಲಿಸಲಾಗಿದೆ. ಈ ಹೋಲಿಕೆಯಲ್ಲಿ ಮೂರು ಕಾರಣಗಳ ಪೈಕಿ ಹುಳು ಒಂದು ಮಾತ್ರ ಕಾಯಿಯ ಒಳಗಿನದೆಂದು ಹೇಳಬಹುದಾದದ್ದು, ಉಳಿದೆರಡೂ ಹೊರಗಿನವು. ಲೋಕರೂಢಿ ಹಿಡಿದದ್ದು ಹೊರಗಿನ ಕಾರಣಗಳನ್ನೇ. ಬಸುರಿ ಭಾರ ಎತ್ತಿದಳು, ಮೆಟ್ಟಿಲು ಹತ್ತಿದಳು, ಗ್ರಹಣ ನೋಡಿದಳು, ಪರಂಗಿ ಹಣ್ಣು ತಿಂದಳು, ಹಾವಿಗೆ ಅಪಚಾರ ಮಾಡಿದಳು ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. 'ಗರ್ಭ ನಿಲ್ಲಲಿಲ್ಲ' ಎಂಬ ವಾಕ್ಯದ ಕರ್ತೃಪದ ಗರ್ಭವೇ ಆದರೂ ಅಪರಾಧ ಹೊರುವವಳು ಯಾವಾಗಲೂ ಗರ್ಭಿಣಿಯೇ. ಇದು ನಮ್ಮ ದೇಶದ ವಿಶೇಷವೇನೂ ಅಲ್ಲ. ಯೂರೋಪಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ವೈದ್ಯರು ನೃತ್ಯ, ಕುದುರೆ ಸವಾರಿ, ಭಯ, ಕೋಪ ಮುಂತಾದವನ್ನು ಗರ್ಭಪಾತದ ಕಾರಣಗಳಾಗಿ ಎಣಿಸುತ್ತಿದ್ದರು.

ಹೊರಬಿದ್ದ ಅಂಗಾಂಶವನ್ನೇ ಸಾಕ್ಷಿಯಾಗಿ ಕರೆಯುವ ಕ್ರಮ ವ್ಯವಸ್ಥಿತವಾಗಿ ಬೆಳೆದದ್ದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಅಲ್ಲಿನ ಅಂಗರಚನಾಶಾಸ್ತ್ರಜ್ಞ ಫ್ರಾಂಕ್ಲಿನ್ ಮಾಲ್ ೧೮೮೭ರಲ್ಲಿ ತನಗೆ ದೊರೆತ ಒಂದು ಮಾನವಭ್ರೂಣದಿಂದ ಆರಂಭಿಸಿ, ಊರೂರಿನ ವೈದ್ಯರು ಕಳುಹಿಸಿದ ಮಾದರಿಗಳನ್ನು ಕೂಡಿಹಾಕುತ್ತ ಹೋದನು. ೧೯೧೪ರಲ್ಲಿ ಕಾರ್ನೆಗಿ ಸಂಸ್ಥೆಯ ಆಶ್ರಯದಲ್ಲಿ ಭ್ರೂಣಶಾಸ್ತ್ರ ವಿಭಾಗ ಸ್ಥಾಪಿತವಾದಾಗ ಈ ಸಂಗ್ರಹವೇ ಅದರ ಮೂಲಧನವಾಯಿತು. ಬಂದ ಮಾದರಿಗಳಲ್ಲಿ ಸುರೂಪವಾದ ಭ್ರೂಣಗಳೊಡನೆ ಬರಿಯ ಚೀಲ, ಮುದ್ದೆ, ವಿಕೃತ ಆಕಾರ ಇವೂ ವಿಪುಲವಾಗಿ ಇದ್ದವು. ಮಾಲ್ ತೀರಿಕೊಂಡ ಮೇಲೆ, ೧೯೨೧ರಲ್ಲಿ, ಅವನ ಮತ್ತು ಆರ್ಥರ್ ಮೇಯರನ ಹೆಸರಿನಲ್ಲಿ ಈ ಗರ್ಭಸ್ರಾವದ ಮಾದರಿಗಳ ವಿಸ್ತಾರವಾದ ವರದಿ ಪ್ರಕಟವಾಯಿತು. ವಿಕೃತಿಗೆ ಮಾಲ್ ೧೯೦೮ರ ತನ್ನ ಪ್ರಬಂಧದಲ್ಲಿ ಕೊಟ್ಟಿದ್ದ ಕಾರಣವನ್ನು ಇಲ್ಲಿ ಗಮನಿಸತಕ್ಕದ್ದು. ಬೀಜ ಒಳ್ಳೆಯದು, ನೆಲ ಕೆಟ್ಟದ್ದು ಎಂಬುದೇ ಅದರ ತಾತ್ಪರ್ಯ: ಗರ್ಭಕೋಶದ ಗೋಡೆಯಲ್ಲಿ ಭ್ರೂಣ ಸರಿಯಾಗಿ ನೆಲೆಯೂರದೆ ಪೋಷಣೆ ತಪ್ಪಿದ್ದರಿಂದ ಅದು ವಿಕೃತವಾಯಿತು. ವಿಜ್ಞಾನದ ಭಾಷೆಯಲ್ಲಿ ಹೇಳಿದರೂ ಆರೋಪ ಮತ್ತೆ ಹೆಣ್ಣಿನ ದೇಹದ ಮೇಲೆಯೇ ಬಂದು ನಿಂತಿತು. ಜೀವಕೋಶದ ಒಳಗಿನ ವರ್ಣತಂತುಗಳನ್ನು ಸರಿಯಾಗಿ ಎಣಿಸುವ ಸಾಧನ ಮಾಲ್‌ನ ಕಾಲದಲ್ಲಿ ಇರಲಿಲ್ಲವಾದ್ದರಿಂದ ನಾವು ಅವನನ್ನು ದೂಷಿಸುವಂತಿಲ್ಲ.

ಎರಡನೆಯ ಮಹಾಯುದ್ಧದ ವೇಳೆಗೆ ಈ ಪ್ರಶ್ನೆ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. ಮೋಟಾರು ಅಪಘಾತದಲ್ಲಿ ಪೆಟ್ಟು ಬಿದ್ದು ಗರ್ಭ ಹೋಯಿತೆಂದು ಪರಿಹಾರ ಕೇಳುವವರಿದ್ದರು. ಇದು ನಿಜವೇ ಎಂದು ವೈದ್ಯರನ್ನು ಕೇಳಲಾಗುತ್ತಿತ್ತು. ಬಾಸ್ಟನ್ನಿನ ರೋಗಶಾಸ್ತ್ರಜ್ಞ ಆರ್ಥರ್ ಹರ್ಟಿಗ್ ಮತ್ತು ಅವನ ಸಹೋದ್ಯೋಗಿ ಷೆಲ್ಡನ್ ೧೯೪೩ರಲ್ಲಿ ೧೦೦೦ ಗರ್ಭಸ್ರಾವಗಳನ್ನು ವಿಶ್ಲೇಷಿಸಿ, ಪೆಟ್ಟನ್ನು ಕಾರಣವೆಂದು ಒಪ್ಪಲು ಕನಿಷ್ಠ ಯಾವ ನಿಯಮಗಳು ನೆರವೇರಬೇಕೆಂಬುದನ್ನು ನಿರೂಪಿಸಿದರು. ಅವರ ಸಾವಿರ ಮಾದರಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಆರಂಭದಿಂದಲೇ ವಿಕೃತವಾಗಿದ್ದ ಭ್ರೂಣಗಳು. ಭ್ರೂಣವೇ ಸರಿಯಾಗಿ ರೂಪುಗೊಂಡಿರದಿದ್ದರೆ ನಿನ್ನೆಯ ಪೆಟ್ಟಿಗೆ ಅದರಲ್ಲಿ ಏನು ಪಾತ್ರ? ಪೆಟ್ಟಿನಿಂದಲೇ ಆಯಿತೆಂದು ನಿಸ್ಸಂಶಯವಾಗಿ ಹೇಳಬಹುದಾದ ಪ್ರಸಂಗಗಳು ಅತ್ಯಲ್ಪವಾಗಿದ್ದವು. ಹರ್ಟಿಗ್ ಅಷ್ಟಕ್ಕೇ ನಿಲ್ಲಲಿಲ್ಲ. ಜಾನ್ ರಾಕ್ ಎಂಬ ಸ್ತ್ರೀರೋಗತಜ್ಞನೊಡನೆ ಸೇರಿ, ಬೇರೆ ಕಾರಣಗಳಿಗಾಗಿ ಗರ್ಭಕೋಶವನ್ನು ತೆಗೆಸಿಕೊಳ್ಳಲಿದ್ದ ಇನ್ನೂರಕ್ಕೂ ಮೇಲ್ಪಟ್ಟ ಸ್ತ್ರೀಯರಲ್ಲಿ ಗರ್ಭಾಂಕುರವನ್ನು ಹುಡುಕುವ ಕೆಲಸವನ್ನು ೧೯೩೮ರಿಂದ ಹಲವು ವರ್ಷ ನಡೆಸಿದನು. ದೊರೆತ ೩೪ ಅಂಕುರಗಳಲ್ಲಿ ಕೆಲವು, ಮುಟ್ಟು ನಿಲ್ಲುವುದಕ್ಕೆ ಮುಂಚೆಯೇ, ತಾಯಿಗೆ ಬಸಿರೆಂಬ ಅರಿವೇ ಹುಟ್ಟುವ ಮೊದಲೇ, ವಿಕೃತವಾಗಿದ್ದವು. (ಅಂಥ ಸಂಶೋಧನೆಗೆ ಇಂದಿನ ನೈತಿಕ ಸಮಿತಿಗಳು ಒಪ್ಪಿಗೆ ಕೊಡುವುವೋ ಇಲ್ಲವೋ ಎಂಬುದು ಬೇರೆ ಮಾತು.) ದೋಷ ನೆಲದಲ್ಲಿಯೇ ಇರಬೇಕೆಂಬ ಮಾಲ್‌ನ ವಾದ ಇಲ್ಲಿಗೆ ಸಡಿಲವಾಯಿತು. ಆದರೆ ಬೀಜದ ದೋಷವೇನೆಂದು ತೋರಿಸಿಕೊಡುವವರು ಇನ್ನೂ ಬಂದಿರಲಿಲ್ಲ.

ಆ ನಡುವಿನ ಕಾಲವೇ ಈ ಚರಿತ್ರೆಯಲ್ಲಿ ಅತ್ಯಂತ ದುಃಖಕರವಾದದ್ದು. ಅದರ ಮೂಲದಲ್ಲಿ ಒಂದು ಅಂಕಿ ಇದೆ. ೧೯೩೮ರಲ್ಲಿ ಇಂಗ್ಲೆಂಡಿನ ಮಾಲ್ಪಸ್ ಎಂಬ ವೈದ್ಯನು ಲೆಕ್ಕ ಹಾಕಿ, ಮೂರು ಬಾರಿ ಗರ್ಭಸ್ರಾವವಾದವಳಿಗೆ ನಾಲ್ಕನೆಯ ಬಾರಿಯೂ ಹಾಗೆಯೇ ಆಗುವ ಸಂಭವ ಶೇಕಡ ೭೩ ಎಂದು ಹೇಳಿದನು. ೧೯೪೬ರಲ್ಲಿ ಅಮೆರಿಕದ ಈಸ್ಟ್‌ಮನ್ ಅದನ್ನು ಶೇಕಡ ೮೩ರ ಮೇಲಕ್ಕೆ ಏರಿಸಿದನು. ಇವು ಎಣಿಸಿ ಕಂಡ ಅಂಕಿಗಳಲ್ಲ; ಕೆಲವು ಊಹೆಗಳಿಂದ ಕಾಗದದ ಮೇಲೆ ಪಡೆದವು. ಆದರೆ ಪಠ್ಯಗ್ರಂಥಗಳಲ್ಲಿ ಸೇರಿದ ಅಂಕಿಗೆ ಶಾಸನದ ಪ್ರಾಮಾಣ್ಯ ಬರುತ್ತದೆ. ಇದರ ಪರಿಣಾಮವನ್ನು ಯೋಚಿಸಿ ನೋಡಬೇಕು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರರಲ್ಲಿ ಎಪ್ಪತ್ತಮೂರು ಗರ್ಭಗಳು ಹೋಗುತ್ತವೆಂದು ನಂಬಿದ ವೈದ್ಯನು ಏನನ್ನಾದರೂ ಕೊಟ್ಟು, ನೂರರಲ್ಲಿ ಎಪ್ಪತ್ತು ಮಂದಿ ಹೆತ್ತರೆ, ಅದು ತನ್ನ ಔಷಧದ ಮಹಿಮೆಯೆಂದೇ ತಿಳಿಯುವನು. ವಿಟಮಿನ್ನು, ಥೈರಾಯ್ಡ್ ಗುಳಿಗೆ, ಹಾಸಿಗೆಯ ವಿಶ್ರಾಂತಿ, ಹಾರ್ಮೋನು, ಎಲ್ಲವೂ ಒಂದೇ ಸಮನಾಗಿ ಯಶಸ್ವಿಯಾದಂತೆ ಕಂಡವು. ಎಲ್ಲ ಔಷಧಗಳೂ ಸಮಾನವಾಗಿ ಫಲಿಸಿದಾಗ ಹೋಲಿಕೆಗೆ ಇಟ್ಟ ಅಂಕಿಯೇ ಸುಳ್ಳಾಗಿರಬಹುದೆಂದು ಶಂಕಿಸಬೇಕಾಗಿತ್ತು. ೧೯೬೪ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ಡೊರೊತಿ ವಾರ್ಬರ್ಟನ್ ಮತ್ತು ಕ್ಲಾರ್ಕ್ ಫ್ರೇಸರ್ ಕುಟುಂಬಗಳ ನಿಜವಾದ ವೃತ್ತಾಂತಗಳನ್ನು ಕಲೆಹಾಕಿ ನೋಡಿದಾಗ, ಒಮ್ಮೆ ಗರ್ಭಸ್ರಾವವಾದ ಮೇಲೆ ಮುಂದಿನ ಅಪಾಯ ಶೇಕಡ ೨೫ರಿಂದ ೩೦ರ ಆಸುಪಾಸಿನಲ್ಲಿ ನಿಲ್ಲುತ್ತದೆಂದೂ, ಹಿಂದೆ ಆದ ಹಾನಿಗಳ ಸಂಖ್ಯೆಯೊಂದಿಗೆ ಅದು ಮಾಲ್ಪಸ್ ಹೇಳಿದಂತೆ ಜಿಗಿಯುವುದಿಲ್ಲವೆಂದೂ ಕಂಡುಬಂದಿತು.

ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು. ೧೯೩೮ರಲ್ಲಿಯೇ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಡೈಎಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ತಯಾರಿಸಿದ್ದನು. ಗರ್ಭ ಹೋಗುವುದಕ್ಕೆ ಮುಂಚೆ ತಾಯಿಯ ಮೈಯಲ್ಲಿ ಕೆಲವು ಹಾರ್ಮೋನುಗಳ ಪ್ರಮಾಣ ಇಳಿಯುವುದನ್ನು ಬಾಸ್ಟನ್ನಿನ ಆಲಿವ್ ಸ್ಮಿತ್ ಮತ್ತು ಜಾರ್ಜ್ ಸ್ಮಿತ್ ದಂಪತಿಗಳು ಗಮನಿಸಿ, ಈ ಔಷಧದಿಂದ ಮಾಸು ಉತ್ತೇಜಿತವಾಗಿ ಕೊರತೆ ತುಂಬುವುದೆಂದು ವಾದಿಸಿದರು. ೧೯೪೮ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಕಾರಣ ಯಾವುದು, ಕಾರ್ಯ ಯಾವುದು ಎಂಬ ಹಳೆಯ ನ್ಯಾಯಶಾಸ್ತ್ರದ ಪ್ರಶ್ನೆ ಇಲ್ಲಿ ಎದ್ದುನಿಲ್ಲುತ್ತದೆ. ಹಾರ್ಮೋನು ಇಳಿದದ್ದರಿಂದ ಭ್ರೂಣ ಸತ್ತಿತೋ, ಭ್ರೂಣ ಸಾಯುತ್ತಿದ್ದುದರಿಂದ ಹಾರ್ಮೋನು ಇಳಿಯಿತೋ? ೧೯೫೩ರಲ್ಲಿ ಷಿಕಾಗೋದ ಡೀಕ್‌ಮನ್ ಮತ್ತು ಅವನ ಸಂಗಡಿಗರು ಸುಮಾರು ೧೬೦೦ ಗರ್ಭಿಣಿಯರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಅದೇ ರೂಪದ ನಿಸ್ಸತ್ವ ಗುಳಿಗೆಯನ್ನೂ ಕೊಟ್ಟು ಪರೀಕ್ಷಿಸಿದರು. ಔಷಧದಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಆದರೂ ವೈದ್ಯರು ಅದನ್ನು ಬರೆದುಕೊಡುವುದನ್ನು ನಿಲ್ಲಿಸಲಿಲ್ಲ. ೧೯೭೧ರಲ್ಲಿ ಹರ್ಬ್‌ಸ್ಟ್ ಮತ್ತು ಅವನ ಸಹೋದ್ಯೋಗಿಗಳು ಯೋನಿಯ ವಿರಳವಾದ ಕ್ಯಾನ್ಸರಿಗೆ ತುತ್ತಾದ ಎಂಟು ತರುಣಿಯರ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಏಳು ಮಂದಿಯ ತಾಯಂದಿರು ಬಸುರಿನಲ್ಲಿ ಈ ಔಷಧ ಸೇವಿಸಿದ್ದರು. ಅದೇ ವರ್ಷ ಅಮೆರಿಕದ ಸರ್ಕಾರ ಗರ್ಭಿಣಿಯರಿಗೆ ಇದನ್ನು ಕೊಡಕೂಡದೆಂದು ಎಚ್ಚರಿಕೆ ಹೊರಡಿಸಿತು. ಗರ್ಭವನ್ನು ಉಳಿಸಿಕೊಳ್ಳಲು ಏನನ್ನಾದರೂ ಮಾಡಬೇಕೆಂಬ ತಾಯಿಯ ತವಕ, ಏನನ್ನಾದರೂ ಕೊಡಬೇಕೆಂಬ ವೈದ್ಯನ ತವಕ, ಇವೆರಡರ ನಡುವೆ ಹುಟ್ಟಿದ ಅನರ್ಥವಿದು. ಹೋದ ಗರ್ಭಗಳಲ್ಲಿ ಅರ್ಧದಷ್ಟು ಯಾವ ಔಷಧದಿಂದಲೂ ಉಳಿಯತಕ್ಕವಲ್ಲವೆಂದು ಪ್ರತ್ಯಕ್ಷವಾಗಿ ತೋರಿಸುವ ಸಾಧನ ೧೯೪೮ರಲ್ಲಿ ಇದ್ದಿದ್ದರೆ, ಎಂದು ಕೇಳುವುದು ಚರಿತ್ರಕಾರನಿಗೆ ಶೋಭಿಸುವ ಪ್ರಶ್ನೆಯಲ್ಲ. ಆದರೂ ಅದು ಮನಸ್ಸನ್ನು ಬಿಡುವುದಿಲ್ಲ.

ಆ ಸಾಧನ ಬಂದ ಬಗೆಯನ್ನು ಈಗ ನೋಡೋಣ. ಜೀವಕೋಶ ಒಡೆದು ಎರಡಾಗುವಾಗ ಬಣ್ಣ ಹೀರಿಕೊಂಡು ಕಾಣಿಸಿಕೊಳ್ಳುವ ದಾರದಂಥ ಕಾಯಗಳಿಗೆ ೧೮೮೮ರಲ್ಲಿ ಜರ್ಮನಿಯ ವಾಲ್ಡೆಯರ್ ಕ್ರೋಮೊಸೋಮು ಎಂದು ಹೆಸರಿಟ್ಟನು. ನಮ್ಮಲ್ಲಿ ವರ್ಣತಂತು ಎಂಬ ಅನುವಾದ ಬಳಕೆಗೆ ಬಂದಿದೆ. ಮನುಷ್ಯನಲ್ಲಿ ಅವು ಎಷ್ಟು? ಟೆಕ್ಸಸ್ಸಿನ ಪೇಂಟರ್ ೧೯೨೩ರಲ್ಲಿ ೪೮ ಎಂದನು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಲೋಕವೆಲ್ಲ ನಲವತ್ತೆಂಟನ್ನೇ ಎಣಿಸುತ್ತಿತ್ತು. ಕಣ್ಣಿಗೆ ನಲವತ್ತಾರು ಕಂಡವರು ತಮ್ಮ ಕಣ್ಣನ್ನೇ ಶಂಕಿಸಿದರು. ಕೋಶಗಳನ್ನು ತೆಳುವಾದ ಉಪ್ಪುನೀರಿನಲ್ಲಿಟ್ಟರೆ ಅವು ಉಬ್ಬಿ ವರ್ಣತಂತುಗಳು ಬಿಡಿಬಿಡಿಯಾಗಿ ಹರಡುತ್ತವೆಂಬುದನ್ನು ೧೯೫೨ರಲ್ಲಿ ಟಿ. ಸಿ. ಷು ಬೆಳಕಿಗೆ ತಂದ ಮೇಲೆ ಎಣಿಕೆ ಸುಗಮವಾಯಿತು. ಜಾವಾದಲ್ಲಿ ಹುಟ್ಟಿ ಸ್ಪೇನಿನಲ್ಲಿ ಉದ್ಯೋಗದಲ್ಲಿದ್ದ ಜೋ ಹಿನ್ ಟಿಯೊ, ಸ್ವೀಡನ್ನಿನ ಲುಂಡ್ ನಗರದಲ್ಲಿ ಆಲ್ಬರ್ಟ್ ಲೆವಾನನ ಪ್ರಯೋಗಶಾಲೆಗೆ ಬಂದಿದ್ದಾಗ, ೧೯೫೫ರ ಡಿಸೆಂಬರ್ ೨೨ರ ರಾತ್ರಿ ನಿಸ್ಸಂದೇಹವಾಗಿ ೪೬ನ್ನು ಕಂಡನು. ಮರುವರ್ಷದ ಜನವರಿಯಲ್ಲಿ ಅದು ಪ್ರಕಟವಾಯಿತು. ಅವರು ಎಣಿಸಿದ ಕೋಶಗಳು ಕಾಯಿದೆಯ ಪ್ರಕಾರ ಗರ್ಭಪಾತ ಮಾಡಿಸಿದಾಗ ದೊರೆತ ಭ್ರೂಣಗಳ ಶ್ವಾಸಕೋಶದಿಂದ ಬೆಳೆಸಿದವು. ಮಾನವಕುಲದ ಈ ಮೂಲಸಂಖ್ಯೆ ನಮಗೆ ದೊರೆತದ್ದು ಹುಟ್ಟದೆ ಹೋದವರಿಂದ ಎಂಬ ಅಂಶ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ಸರಿಯಾದ ಸಂಖ್ಯೆ ಗೊತ್ತಾದ ಮೇಲೆ ತಪ್ಪು ಸಂಖ್ಯೆಯನ್ನು ಗುರುತಿಸುವುದು ಸಾಧ್ಯವಾಯಿತು. ೧೯೫೯ರಲ್ಲಿ ಪ್ಯಾರಿಸ್ಸಿನ ಲೆಜೂನ್, ಗೋತಿಯೇ, ಟುರ್ಪಾನ್ ಇವರು ಡೌನ್ ಲಕ್ಷಣದ ಮಕ್ಕಳಲ್ಲಿ ೪೭ ವರ್ಣತಂತುಗಳನ್ನು ತೋರಿಸಿದರು. (ಅಂಗಾಂಶವನ್ನು ಬೆಳೆಸುವ ಏರ್ಪಾಡನ್ನು ಅಲ್ಲಿ ನಿರ್ಮಿಸಿದ್ದು ಮಾರ್ತ್ ಗೋತಿಯೇ ಎಂಬ ವೈದ್ಯೆ, ಆ ಶ್ರಮಕ್ಕೆ ಮನ್ನಣೆ ಬಹುಕಾಲ ದೊರೆಯಲಿಲ್ಲ.) ೧೯೬೧ರಲ್ಲಿ ಲಂಡನ್ನಿನ ಪೆನ್ರೋಸ್ ಮತ್ತು ಜಾಯ್ ಡೆಲ್ಹಾಂಟಿ, ಕೊಳೆತ ಸ್ಥಿತಿಯಲ್ಲಿ ಹೊರಬಂದ ಒಂದು ಭ್ರೂಣದ ಕೋಶಗಳಲ್ಲಿ ಮೂರು ಪೂರ್ಣ ವರ್ಗಗಳನ್ನು, ಎಂದರೆ ೬೯ ವರ್ಣತಂತುಗಳನ್ನು, ಕಂಡರು. ಒಂದೆರಡು ಬಿಡಿ ಪ್ರಸಂಗಗಳಿಂದ ಸಿದ್ಧಾಂತವಾಗುವುದಿಲ್ಲವಷ್ಟೆ. ಸಾಲುಸಾಲಾಗಿ ಮಾದರಿಗಳನ್ನು ಪರೀಕ್ಷಿಸಿದವರಲ್ಲಿ ಕೆನಡದ ಲಂಡನ್ ನಗರದ ಡೇವಿಡ್ ಕಾರ್‌ನ ಹೆಸರು ಮೊದಲು ನಿಲ್ಲುತ್ತದೆ. ೧೯೬೩ರಲ್ಲಿ ಆರಂಭದ ಫಲಿತಾಂಶಗಳನ್ನೂ, ೧೯೬೫ರಲ್ಲಿ ೨೦೦ ಗರ್ಭಸ್ರಾವಗಳ ವರದಿಯನ್ನೂ ಅವನು ಪ್ರಕಟಿಸಿದನು. ಇನ್ನೂರರಲ್ಲಿ ೪೪ ಮಾದರಿಗಳ ವರ್ಣತಂತುಗಳು ದೋಷಯುಕ್ತವಾಗಿದ್ದವು. ಎಂದರೆ ಶೇಕಡ ೨೨. ಜೀವಂತವಾಗಿ ಹುಟ್ಟುವ ಮಕ್ಕಳಲ್ಲಿ ಇಂಥ ದೋಷ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಮರುವರ್ಷ, ೧೯೬೬ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರನ್ನು ಸೇರಿಸಿ, ಗರ್ಭಸ್ರಾವದ ವರ್ಣತಂತು ಅಧ್ಯಯನಕ್ಕೆ ಏಕರೂಪದ ಕ್ರಮವನ್ನು ಗೊತ್ತುಮಾಡಿಸಿತು.

ಆ ಕ್ರಮದ ಸ್ಥೂಲಪರಿಚಯ ಇಲ್ಲಿ ಅವಶ್ಯಕ. ಹೊರಬಂದ ಅಂಗಾಂಶದಲ್ಲಿ ಎರಡು ಜೀವಗಳ ಅಂಶವಿರುತ್ತದೆ. ಮಾಸಿನ ಬೇರಿನಂಥ ಎಳೆಗಳು ಭ್ರೂಣದ ಕಡೆಯವು. ಅವಕ್ಕೆ ಅಂಟಿಕೊಂಡ ಗರ್ಭಕೋಶದ ಒಳಪೊರೆ ತಾಯಿಯದು. ಸೂಕ್ಷ್ಮದರ್ಶಕದ ಕೆಳಗೆ ಇವೆರಡನ್ನೂ ಸೂಜಿಯ ಮೊನೆಯಿಂದ ಬಿಡಿಸಿ, ಎಳೆಗಳನ್ನು ತೊಳೆದು, ಪೋಷಕ ದ್ರವದಲ್ಲಿಟ್ಟು ಒಂದೆರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೆಳೆಸಬೇಕು. ಕೋಶಗಳು ಒಡೆಯುವ ಹೊತ್ತಿಗೆ ಕಾಲ್ಚಿಸೀನ್ ಎಂಬ ಸಸ್ಯಜನ್ಯ ದ್ರವ್ಯವನ್ನು ಹಾಕಿ ಒಡೆಯುವಿಕೆಯನ್ನು ನಡುವಿನಲ್ಲೇ ತಡೆದು, ಉಪ್ಪುನೀರಿನಿಂದ ಉಬ್ಬಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಕೊಟ್ಟು, ಛಾಯಾಚಿತ್ರ ತೆಗೆಯುತ್ತಿದ್ದರು. ಆ ಚಿತ್ರದಿಂದ ಒಂದೊಂದು ವರ್ಣತಂತುವನ್ನೂ ಕತ್ತರಿಯಿಂದ ಕತ್ತರಿಸಿ, ಉದ್ದದ ಕ್ರಮದಲ್ಲಿ ಜೋಡಿಜೋಡಿಯಾಗಿ ಕಾಗದಕ್ಕೆ ಅಂಟಿಸುವುದು ಕೊನೆಯ ಹಂತ. ಇಡೀ ವಿಧಾನ ನಿಂತಿರುವುದು ಕೋಶ ಜೀವಂತವಾಗಿದೆ ಎಂಬ ಒಂದೇ ಆಧಾರದ ಮೇಲೆ. ಆಸ್ಪತ್ರೆಗಳಲ್ಲಿ ಶರೀರದಿಂದ ತೆಗೆದ ಅಂಗಾಂಶವನ್ನೆಲ್ಲ ಫಾರ್ಮಲಿನ್ ದ್ರವದಲ್ಲಿ ಅದ್ದುವುದು ಬಹುಕಾಲದ ರೂಢಿ. ಫಾರ್ಮಲಿನ್ ಕೋಶವನ್ನು ಕೊಳೆಯದಂತೆ ಕಾಯುತ್ತದೆ, ಆದರೆ ಕೊಂದು ಕಾಯುತ್ತದೆ. ಹಾಗೆ ಅದ್ದಿದ ಮಾದರಿಯನ್ನು ಮತ್ತೆ ಬೆಳೆಸಲಾಗದು. ಶುದ್ಧವಾದ ಉಪ್ಪುನೀರಿನ ಸೀಸೆಯನ್ನು ಕೈಗೆಟುಕುವಂತೆ ಇಟ್ಟಿದ್ದ ದಾದಿಯಿಂದ ಉಳಿದ ಮಾದರಿಗಳೆಷ್ಟೋ, ಅಭ್ಯಾಸಬಲದಿಂದ ಫಾರ್ಮಲಿನ್ನಿಗೆ ಹೋದವೆಷ್ಟೋ!

ಕಾರ್‌ನ ನಂತರದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಓದುಗರಿಗೆ ಆಶ್ಚರ್ಯವಾಗಬಹುದು. ಪ್ಯಾರಿಸ್ಸಿನ ಝೋಯೆಲ್ ಬುಯೆ ಮತ್ತು ಆಂದ್ರೆ ಬುಯೆ, ಸಂಖ್ಯಾಶಾಸ್ತ್ರಜ್ಞ ಲಝಾರ್‌ನೊಡನೆ ೧೯೭೫ರಲ್ಲಿ ಪ್ರಕಟಿಸಿದ ಸುಮಾರು ೧೫೦೦ ಮಾದರಿಗಳ ಅಧ್ಯಯನದಲ್ಲಿ ದೋಷದ ಪ್ರಮಾಣ ಶೇಕಡ ೬೧. ಹವಾಯಿ ದ್ವೀಪದಲ್ಲಿ ಹಾಸೋಲ್ಡ್ ಮತ್ತು ಸಂಗಡಿಗರು ೧೯೮೦ರಲ್ಲಿ ೧೦೦೦ ಮಾದರಿಗಳಲ್ಲಿ ಕಂಡದ್ದು ಶೇಕಡ ೪೬. ಇಪ್ಪತ್ತೆರಡು, ಅರವತ್ತೊಂದು, ನಲವತ್ತಾರು: ಇವುಗಳಲ್ಲಿ ಯಾವುದು ನಿಜ? ಮೂರೂ ನಿಜವೆಂದೇ ಹೇಳಬೇಕಾಗುತ್ತದೆ. ಒಂದೇ ರಾಜನ ಕಾಲವನ್ನು ಕುರಿತು ರಾಜಧಾನಿಯ ಶಾಸನಗಳೂ ಗಡಿಯ ವೀರಗಲ್ಲುಗಳೂ ಬೇರೆ ಬೇರೆ ಚಿತ್ರ ಕೊಡುವಂತೆ, ಇಲ್ಲಿ ಮಾದರಿಗಳನ್ನು ಆರಿಸಿದ ರೀತಿ ಬೇರೆ. ವರ್ಣತಂತುವಿನ ದೋಷವಿರುವ ಗರ್ಭಗಳು ಬಹುತೇಕ ಮೊದಲ ಮೂರು ತಿಂಗಳೊಳಗೇ ಕುಸಿಯುತ್ತವೆ. ಬುಯೆ ದಂಪತಿಗಳ ಸಂಗ್ರಹ ಬಹುಮಟ್ಟಿಗೆ ಆ ಆರಂಭದ ವಾರಗಳದು. ತಡವಾದ ಗರ್ಭಪಾತಗಳು ಹೆಚ್ಚು ಬೆರೆತಷ್ಟೂ ಪ್ರಮಾಣ ಇಳಿಯುತ್ತದೆ. ಇದಲ್ಲದೆ ತಾಯಂದಿರ ವಯಸ್ಸು, ಬೆಳೆಯದೆ ಹೋದ ಮಾದರಿಗಳ ಸಂಖ್ಯೆ ಇವೂ ಅಂಕಿಯನ್ನು ಅಲುಗಿಸುತ್ತವೆ. ಮೊದಲ ಮೂರು ತಿಂಗಳ ಗರ್ಭಸ್ರಾವಗಳಲ್ಲಿ ಅರ್ಧ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ಮಾತು.

ನಮ್ಮ ದೃಷ್ಟಿಯಲ್ಲಿ ಇನ್ನೂ ಸ್ವಾರಸ್ಯವಾದದ್ದು ಪ್ರಕ್ಷೇಪದ ಸಮಸ್ಯೆ. ಹಳೆಯ ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಇದು ಹೊಸದಲ್ಲ: ಲಿಪಿಕಾರನು ತನ್ನ ಪದ್ಯವನ್ನು ಕವಿಯ ಪದ್ಯಗಳ ನಡುವೆ ಸೇರಿಸಿಬಿಡುತ್ತಾನೆ, ಓದುವವನಿಗೆ ಅದು ಮೂಲದಂತೆಯೇ ಕಾಣುತ್ತದೆ. ಅಂಗಾಂಶವನ್ನು ಬೆಳೆಸುವಾಗಲೂ ಹೀಗೆಯೇ. ಬಿಡಿಸುವಾಗ ಉಳಿದುಹೋದ ತಾಯಿಯ ಕೋಶಗಳು ಹುಲುಸಾಗಿ ಬೆಳೆದು, ಸತ್ವಗುಂದಿದ ಭ್ರೂಣದ ಕೋಶಗಳನ್ನು ಮುಚ್ಚಿಬಿಡುತ್ತವೆ. ಆಗ ವರದಿ 'ನಲವತ್ತಾರು, ಎಕ್ಸ್ ಎಕ್ಸ್, ಹೆಣ್ಣು, ದೋಷವಿಲ್ಲ' ಎಂದು ಬರುತ್ತದೆ. ವಾಸ್ತವವಾಗಿ ಅದು ತಾಯಿಯದೇ ವರ್ಣತಂತು ಪಟ. ಈ ಪ್ರಕ್ಷೇಪವನ್ನು ಹಿಡಿಯುವ ಉಪಾಯ ಪಾಠಪರಿಷ್ಕರಣಕಾರರ ಆಂತರಿಕ ವಿಮರ್ಶೆಯಂತೆಯೇ ಇದೆ. ದೋಷರಹಿತವೆಂದು ಬಂದ ಮಾದರಿಗಳಲ್ಲಿ ಹೆಣ್ಣುಗಂಡುಗಳು ಹೆಚ್ಚುಕಡಮೆ ಸಮವಾಗಿರಬೇಕಷ್ಟೆ; ಹೆಣ್ಣುಗಳ ಸಂಖ್ಯೆ ಬಹಳ ಮೇಲಿದ್ದರೆ ಅವುಗಳಲ್ಲಿ ಒಂದು ಪಾಲು ತಾಯಂದಿರೆಂದು ತಿಳಿಯಬೇಕು. ಇಂಥ ತಪ್ಪು ವರದಿಯ ಫಲ ಕ್ಷುಲ್ಲಕವಾದುದಲ್ಲ. ಮಗುವಿನಲ್ಲಿ ದೋಷವಿರಲಿಲ್ಲವೆಂದ ಮೇಲೆ ದೋಷ ತನ್ನಲ್ಲಿಯೇ ಇರಬೇಕೆಂದು ಆಕೆ ತಿಳಿಯುತ್ತಾಳೆ. ತನ್ನ ಕೋಶವೇ ತನ್ನ ಮೇಲೆ ಸುಳ್ಳುಸಾಕ್ಷಿ ನುಡಿದುದು ಆಕೆಗೆ ತಿಳಿಯುವ ಬಗೆ ಹೇಗೆ? ಮುಂದೆ ತಾಯಿಯ ರಕ್ತವನ್ನೂ ಜೊತೆಗೆ ಪರೀಕ್ಷಿಸಿ ಹೋಲಿಸುವ ವಿಧಾನ ಬಂದ ಮೇಲೆ ಈ ತೊಡಕು ಬಹುಪಾಲು ಪರಿಹಾರವಾಯಿತು.

ಕಂಡುಬಂದ ದೋಷಗಳ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಯಾವುದಾದರೊಂದು ವರ್ಣತಂತು ಎರಡರ ಬದಲು ಮೂರಿರುತ್ತದೆ. ಇದಕ್ಕೆ ಟ್ರೈಸೊಮಿ ಎಂದು ಹೆಸರು. ಇವುಗಳಲ್ಲಿ ಹದಿನಾರನೆಯ ವರ್ಣತಂತುವಿನದು ಅತಿ ಹೆಚ್ಚು. ಎಲ್ಲ ಕೋಶಗಳಲ್ಲಿಯೂ ಅದು ಮೂರಿದ್ದ ಮಗು ಹುಟ್ಟಿ ಬದುಕಿದ್ದಿಲ್ಲ. ವರ್ಣತಂತುಗಳ ಮೇಲೆ ಅಡ್ಡಪಟ್ಟೆಗಳನ್ನು ಮೂಡಿಸುವ ಕಲೆ ೧೯೭೦ರ ಸುಮಾರಿಗೆ ಸ್ವೀಡನ್ನಿನ ಕ್ಯಾಸ್ಪರ್ಸನ್ ಮೊದಲಾದವರಿಂದ ಸಿದ್ಧಿಸುವ ತನಕ ಹದಿನಾರು, ಹದಿನೇಳು, ಹದಿನೆಂಟನ್ನು ಬೇರ್ಪಡಿಸಲಾರದೆ ಒಂದೇ ಗುಂಪಿನ ಹೆಸರಿನಿಂದ ಕರೆಯುತ್ತಿದ್ದರು. ಒಂದೇ ಎಕ್ಸ್ ಇದ್ದು ಒಟ್ಟು ೪೫ ಆಗುವುದು ಸುಮಾರು ಐದರಲ್ಲಿ ಒಂದು ಪಾಲು. ಅರವತ್ತೊಂಬತ್ತರ ತ್ರಿವರ್ಗಸ್ಥಿತಿ ಅದಕ್ಕಿಂತ ಸ್ವಲ್ಪ ಕಡಮೆ. ಇಲ್ಲಿ ತಾಯಿಯ ವಯಸ್ಸಿನ ಪ್ರಶ್ನೆ ಬರುತ್ತದೆ. ಹೆಣ್ಣಿನ ಅಂಡಾಣುಗಳು ಆಕೆ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ವಿಭಜನೆಯನ್ನು ಆರಂಭಿಸಿ, ನಡುವಿನಲ್ಲಿ ನಿಂತು, ದಶಕಗಳ ಕಾಲ ಕಾದಿರುತ್ತವೆ. ವಯಸ್ಸು ಏರಿದಂತೆ ಆ ವಿಭಜನೆ ತಪ್ಪುವ ಸಂಭವವೂ ಏರುವುದರಿಂದ ಟ್ರೈಸೊಮಿ ಹೆಚ್ಚುತ್ತದೆ. ಇದನ್ನು ಹಿಡಿದುಕೊಂಡು, ಹೊರೆ ಎತ್ತಿದ್ದಕ್ಕೆ ಬದಲಾಗಿ ತಡವಾಗಿ ಬಸುರಾದದ್ದಕ್ಕೆ ಹೆಣ್ಣನ್ನು ದೂರುವವರು ಈಗ ಹುಟ್ಟಿಕೊಂಡಿದ್ದಾರೆ. ಅಂಥವರು ಉಳಿದ ಅಂಕಿಗಳನ್ನೂ ನೋಡಬೇಕು. ಒಂದೇ ಎಕ್ಸ್ ಇರುವ ಸ್ಥಿತಿ ವಯಸ್ಸಿನೊಂದಿಗೆ ಏರುವುದಿಲ್ಲ, ಮತ್ತು ಅದರಲ್ಲಿ ಬಹುಪಾಲು ಕಳೆದುಹೋಗಿರುವುದು ತಂದೆಯಿಂದ ಬರಬೇಕಾಗಿದ್ದ ಲಿಂಗವರ್ಣತಂತು. ತ್ರಿವರ್ಗಸ್ಥಿತಿಯಲ್ಲಿ ಅನೇಕ ವೇಳೆ ಎರಡು ವೀರ್ಯಾಣುಗಳು ಒಂದೇ ಅಂಡಾಣುವನ್ನು ಹೊಕ್ಕಿರುತ್ತವೆ. ಹೀಗಿರುವಾಗ ಯಾರನ್ನು ದೂರುವುದು?

ತಂದೆಯ ಅಂಶದ ಬಗೆಗೆ ಇನ್ನೊಂದು ಮಾತು. ದ್ರಾಕ್ಷಿಯ ಗೊಂಚಲಿನಂತೆ ಊದಿದ ಮಾಸು ಮಾತ್ರವಿದ್ದು ಭ್ರೂಣವಿಲ್ಲದ ಮೋಲ್ ಎಂಬ ಗರ್ಭವನ್ನು ೧೯೭೭ರಲ್ಲಿ ಜಪಾನಿನ ಕಾಜೀ ಮತ್ತು ಒಹಾಮ ಪರೀಕ್ಷಿಸಿ, ಅದರ ವರ್ಣತಂತುಗಳು ಸಂಖ್ಯೆಯಲ್ಲಿ ನಲವತ್ತಾರೇ ಆದರೂ ಎಲ್ಲವೂ ತಂದೆಯಿಂದಲೇ ಬಂದವೆಂದು ಸಿದ್ಧಪಡಿಸಿದರು. ಎಣಿಕೆ ಸರಿಯಿದ್ದರೂ ವಂಶಾವಳಿ ಸರಿಯಿಲ್ಲದಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಈಚಿನ ಬೆಳವಣಿಗೆಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ೧೯೯೦ರ ದಶಕದಿಂದ ಹೊಳೆಯುವ ಗುರುತುಗಳ ವಿಧಾನವೂ, ಈ ಶತಮಾನದ ಆರಂಭದಿಂದ ಡಿ. ಎನ್. ಎ. ತುಣುಕುಗಳನ್ನು ಫಲಕದ ಮೇಲೆ ಹೋಲಿಸುವ ವಿಧಾನವೂ ಬಳಕೆಗೆ ಬಂದು, ಕೋಶವನ್ನು ಬೆಳೆಸುವ ಅಗತ್ಯವೇ ತಪ್ಪಿತು. ಆದರೆ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಮಾಡಿಸಬೇಕೆ ಎಂಬುದರಲ್ಲಿ ಏಕಾಭಿಪ್ರಾಯವಿಲ್ಲ. ಇಂಗ್ಲೆಂಡಿನ ಪ್ರಸೂತಿತಜ್ಞರ ರಾಯಲ್ ಕಾಲೇಜು ೨೦೧೧ರಲ್ಲಿ, ಮೂರನೆಯ ಹಾಗೂ ನಂತರದ ಗರ್ಭಸ್ರಾವಗಳ ಅಂಗಾಂಶವನ್ನು ಪರೀಕ್ಷಿಸಬೇಕೆಂದಿತು. ಯೂರೋಪಿನ ತಜ್ಞರ ಸಂಘ ೨೦೧೭ರಲ್ಲಿ, ಎಲ್ಲರಿಗೂ ವಾಡಿಕೆಯಾಗಿ ಮಾಡಬೇಕಾಗಿಲ್ಲ, ಕಾರಣ ತಿಳಿಯುವ ಉದ್ದೇಶಕ್ಕಾಗಿ ಮಾಡಬಹುದು ಎಂದಿತು. ಪರೀಕ್ಷೆಯಿಂದ ಹೋದ ಗರ್ಭ ಮರಳುವುದಿಲ್ಲ. ದೋಷ ಕಂಡರೂ ಮುಂದಿನದಕ್ಕೆ ಕೊಡಲು ಔಷಧವಿಲ್ಲ ಎಂಬುದು ವಿರೋಧಿಗಳ ವಾದ. ತಂದೆ ಅಥವಾ ತಾಯಿಯಲ್ಲಿ ವರ್ಣತಂತುವಿನ ತುಂಡುಗಳು ಸ್ಥಾನ ಬದಲಾಯಿಸಿರುವ ಕೆಲವು ಕುಟುಂಬಗಳನ್ನು ಬಿಟ್ಟರೆ ಈ ವಾದ ತಳ್ಳಿಹಾಕುವಂಥದಲ್ಲ. ಆದರೂ ಬರಿಯ ಕಾರಣವನ್ನು ತಿಳಿಯುವುದಕ್ಕೆ ಬೆಲೆಯಿಲ್ಲವೆಂದು ಹೇಳಲು ನಮಗೆ ಮನಸ್ಸು ಬಾರದು. ಡೈಎಥೈಲ್‌ಸ್ಟಿಲ್ಬೆಸ್ಟ್ರಾಲಿನ ವೃತ್ತಾಂತವನ್ನು ಓದಿದವರಿಗೆ, ಕಾರಣ ತಿಳಿಯದೆ ಕೊಟ್ಟ ಔಷಧದ ಬೆಲೆ ಎಷ್ಟೆಂಬುದು ಗೊತ್ತಿದೆ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ವರ್ಣತಂತು ಪಟದಲ್ಲಿ ಲಿಂಗವೂ ತಾನಾಗಿಯೇ ಗೋಚರಿಸುತ್ತದೆ. ಹುಟ್ಟಲಿರುವ ಮಗುವಿನ ಲಿಂಗವನ್ನು ತಿಳಿಸಕೂಡದೆಂದು ೧೯೯೪ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ಸಮಾಜದಲ್ಲಿ, ಹೋದದ್ದು ಗಂಡೋ ಹೆಣ್ಣೋ ಎಂಬ ಮಾಹಿತಿ ಮನೆಯೊಳಗೆ ಆಕೆಗೆ ಸಾಂತ್ವನವಾಗುವುದಕ್ಕಿಂತ ಹೊಸ ನಿಂದೆಯಾಗುವ ಭಯವೇ ಹೆಚ್ಚು.

ಮಾಲ್ ಕೂಡಿಹಾಕಿದ ಸಂಗ್ರಹ ಬಾಲ್ಟಿಮೋರನ್ನು ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಹೋಗಿ, ೧೯೯೦ರ ದಶಕದಿಂದ ವಾಷಿಂಗ್ಟನ್ ಪ್ರದೇಶದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯ ವಸ್ತುಸಂಗ್ರಹಾಲಯದ ವಶದಲ್ಲಿದೆ. ಭ್ರೂಣದ ಬೆಳವಣಿಗೆಯ ಹಂತಗಳನ್ನು ಇಂದಿಗೂ ವೈದ್ಯವಿದ್ಯಾರ್ಥಿಗಳು ಕಾರ್ನೆಗಿ ಹಂತಗಳೆಂಬ ಹೆಸರಿನಿಂದಲೇ ಕಲಿಯುತ್ತಾರೆ. ಅಲ್ಲಿನ ಮಾದರಿಗಳನ್ನು ಆ ಕಾಲದ ರೂಢಿಯಂತೆ ದ್ರಾವಣಗಳಲ್ಲಿ ಕಾಪಿಟ್ಟು, ತೆಳುವಾಗಿ ಕೊಯ್ದು, ಗಾಜಿನ ಮೇಲೆ ಅಂಟಿಸಲಾಗಿದೆ. ಮಾಲ್ ನೆಲದ ದೋಷವೆಂದು ಬರೆದಿಟ್ಟ ಆ ವಿಕೃತ ಭ್ರೂಣಗಳಲ್ಲಿ ಎಷ್ಟು ನಲವತ್ತೈದರವು, ಎಷ್ಟು ನಲವತ್ತೇಳರವು, ಎಷ್ಟು ಅರವತ್ತೊಂಬತ್ತರವು ಎಂಬುದನ್ನು ಕಾರ್‌ನ ವಿಧಾನದಿಂದ ತಿಳಿಯುವ ಮಾರ್ಗವಿಲ್ಲ.